ಮಂಜೇಶ್ವರದ ಶಾಸಕರಿಗೆ: ಮಾಜಿ ಸೈನಿಕರ ಅರ್ಜಿ ಕನ್ನಡದಲ್ಲೂ ಸಿಗಲಿ

ಮಾನ್ಯ ಶಾಸಕರೇ,

ನಾನು ಸೇನೆಯಲ್ಲಿ ಹವಾಲ್ದಾರನಾಗಿದ್ದವನು. ಈಗ ಪಿಂಚಣಿ ಕಾಗದ ಹಿಡಿದುಕೊಂಡು ಬರುವ ಊರಿನವರಿಗೆ ಅರ್ಜಿ ತುಂಬಿಸಿ ಕೊಡುತ್ತೇನೆ.

ಮೊನ್ನೆ ಒಬ್ಬರು ಅಕ್ಕ ಬಂದಿದ್ದರು. ಗಂಡ ಸೇನೆಯಲ್ಲಿ ನಾಯಕ್ ಹುದ್ದೆಯಿಂದ ನಿವೃತ್ತರಾದವರು, ತೀರಿಕೊಂಡು ವರ್ಷವಾಗಿಲ್ಲ. ಜವಳಿ ಅಂಗಡಿಯ ಚೀಲದಲ್ಲಿ ಸೇನೆಯಿಂದ ಬಿಡುಗಡೆಯಾದಾಗ ಕೊಡುವ ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶದ ಕಾಗದ (ಪಿಪಿಒ), ಮರಣ ಪ್ರಮಾಣಪತ್ರ, ಎಲ್ಲ ಸರಿಯಾಗಿ ಜೋಡಿಸಿಟ್ಟಿದ್ದರು. ಆದರೂ ಒಂದು ಕಚೇರಿಯಿಂದ ಎರಡು ಸಲ ವಾಪಸ್ ಬಂದಿದ್ದಾರೆ. ಅರ್ಜಿ ಮಲಯಾಳದಲ್ಲಿತ್ತು. ತನ್ನ ಹೆಸರು ಬರೆಯುವ ಜಾಗದಲ್ಲಿ ಗಂಡನ ಹೆಸರು ಬರೆದಿದ್ದರು. ಜೊತೆಗೆ ಕೊಟ್ಟ ಕನ್ನಡದ ಪತ್ರವನ್ನು ಅಲ್ಲಿ ಯಾರೂ ಓದಲಿಲ್ಲ. "ಅವರು ಸಿಟ್ಟೇನೂ ಮಾಡಲಿಲ್ಲ, ಪಾಪ. ಓದಲಿಕ್ಕೆ ಬರುವುದಿಲ್ಲವಲ್ಲ" ಎಂದರು ಅಕ್ಕ.

ನನ್ನ ಜಗಲಿಯಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಫೋಟೋ ಇದೆ. ಮಾತಾಡುತ್ತಾ ಅಕ್ಕ ಅದನ್ನೇ ನೋಡುತ್ತಿದ್ದರು. ನಮ್ಮ ಕಾಸರಗೋಡು ಜಿಲ್ಲೆಯ ಪಾಣತ್ತೂರು ದಾಟಿ ಗುಡ್ಡ ಹತ್ತಿದರೆ ಅವರ ಕೊಡಗು. 1948ರಲ್ಲಿ ಕಾಶ್ಮೀರದ ಯುದ್ಧ ನಡೆಸಿದವರು. 1949ರ ಜನವರಿ 15ಕ್ಕೆ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು. ಅಮೆರಿಕದ ಲೀಜನ್ ಆಫ್ ಮೆರಿಟ್ ಪದಕವೂ ಬಂದಿತ್ತು. ಇದೆಲ್ಲ ಮಕ್ಕಳ ಪಾಠದಲ್ಲೂ ಸಿಗುತ್ತದೆ. ನನಗೆ ದೊಡ್ಡದಾಗಿ ಕಾಣುವುದು ಆಮೇಲಿನದ್ದು. 1953ರಲ್ಲಿ ನಿವೃತ್ತರಾದವರು ಸುಮ್ನೆ ಮಡಿಕೇರಿಯಲ್ಲಿ ಕೂತಿರಬಹುದಿತ್ತು, ಅಲ್ವಾ? 1964ರಲ್ಲಿ ಮಾಜಿ ಸೈನಿಕರಿಗಾಗಿ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಕಟ್ಟಿದರು. ಫೀಲ್ಡ್ ಮಾರ್ಷಲ್ ಪದವಿ ಬಂದದ್ದು 1986ರಲ್ಲಿ, 87ನೇ ವಯಸ್ಸಿಗೆ.

ಅವರಿಗೂ ಹಿಂದಿ ಅಷ್ಟಕ್ಕಷ್ಟೆ. ಸ್ವಾತಂತ್ರ್ಯ ಬಂದಾಗ ಜವಾನರಿಗೆ "ನೀವೀಗ ಮುಕ್ತ, ದೇಶವೂ ಮುಕ್ತ" ಎನ್ನಲು ಹೋಗಿ "ಮುಫ್ತ್" ಎಂದುಬಿಟ್ಟರಂತೆ. ಮುಫ್ತ್ ಎಂದರೆ ಪುಕ್ಕಟೆ! ಸೇನೆಯಲ್ಲಿ ಈ ಕತೆ ಹೇಳಿ ನಗದವರಿಲ್ಲ. ಜನರಲ್ ಸಾಹೇಬರ ಭಾಷೆ ತಪ್ಪಿದರೆ ಅದು ನಗುವ ಕತೆ. ನಾಯಕ್ ಒಬ್ಬರ ಹೆಂಡತಿಗೆ ತಪ್ಪಿದರೆ ಅರ್ಜಿ ವಾಪಸ್.

1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ, ಭಾಷಾ ಅಲ್ಪಸಂಖ್ಯಾತರ ಪ್ರದೇಶದಲ್ಲಿರುವ ರಾಜ್ಯ ಸರಕಾರದ ಕಚೇರಿಗೆ ನಾವು ಕನ್ನಡದಲ್ಲಿ ಬರೆಯಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು. ಹೊಸದೇನೂ ಕೇಳುತ್ತಿಲ್ಲ. ಸೈನಿಕ ಕಲ್ಯಾಣದ ಅರ್ಜಿಗಳಲ್ಲಿ ಮಲಯಾಳದ ಪಕ್ಕ ಕನ್ನಡವನ್ನೂ ಅಚ್ಚು ಹಾಕಿಸಿ. ಉಪ್ಪಳದ ತಾಲೂಕು ಕಚೇರಿಯಲ್ಲಿ ತಿಂಗಳಿಗೊಂದು ದಿನ ಕನ್ನಡ ಓದಲು ಬರುವ ಒಬ್ಬರನ್ನು ನಮಗಾಗಿ ಕೂರಿಸಿ. ವಯಸ್ಸಾದವರಿಗೆ ಕಾಸರಗೋಡಿನವರೆಗೆ ಬಸ್ಸಿನಲ್ಲಿ ಹೋಗಿ ಬರುವುದೇ ಜಾಸ್ತಿಯಾಗುತ್ತದೆ.

ಡಿಸೆಂಬರ್ 7ಕ್ಕೆ ಸಶಸ್ತ್ರ ಪಡೆಗಳ ಧ್ವಜ ದಿನ. ಈ ಸಲ ನಮಗೆ ಶಾಲು ಬೇಡ, ಆ ಅರ್ಜಿ ಕೊಡಿ ಸಾಕು.

ಅಕ್ಕನ ಚೀಲ ನನ್ನ ಮೇಜಿನ ಮೇಲೇ ಇದೆ. ಸೋಮವಾರ ಮೂರನೇ ಸಲ ಹೋಗುತ್ತಾರೆ, ಜೊತೆಗೆ ನಾನೂ ಇರುತ್ತೇನೆ.

ಇತಿ,
ಒಬ್ಬ ಮಾಜಿ ಹವಾಲ್ದಾರ,
ಪೈವಳಿಕೆ