ಸೂರಿನ ನೀರು ಎಲ್ಲಿಗೆ ಹೋಗುತ್ತೆ? ನಮ್ಮ ಶಾಲೆಯ ಮಕ್ಕಳಿಗಾಗಿ ಒಂದು ಮನವಿ

ಹಳೆಯ ವಿದ್ಯಾರ್ಥಿಗಳಿಗೆ, ಊರು ಬಿಟ್ಟು ಬೆಂಗಳೂರು, ಮಂಗಳೂರು ಸೇರಿರುವ ನಮ್ಮವರಿಗೆ, ಎಲ್ಲ ಶಾಲಾ ಹಿತೈಷಿಗಳಿಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪರವಾಗಿ ನಮಸ್ಕಾರ.

ಸಕಲೇಶಪುರ ತಾಲ್ಲೂಕಿನ ನಮ್ಮ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಹೆಂಚಿನಿಂದ ಸುರಿದ ನೀರು ಅಂಗಳ ದಾಟಿ ಹಳ್ಳ ಸೇರುವುದನ್ನು ನೀವೆಲ್ಲ ನೋಡಿದ್ದೀರಿ. ಕಳೆದ ಮಳೆಗಾಲದಲ್ಲಿ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು, "ಆಮೇಲೆ ಎಲ್ಲಿಗೆ ಹೋಗುತ್ತೆ ಟೀಚರ್?" ಎಂದಳು. ಹೇಮಾವತಿಗೆ ಎಂದ ಒಬ್ಬ. ಸುಬ್ರಹ್ಮಣ್ಯದಲ್ಲಿ ಅಜ್ಜಿಮನೆ ಇರುವ ಇನ್ನೊಬ್ಬ ಒಪ್ಪಲಿಲ್ಲ. ಅಲ್ಲಿಯ ಹೊಳೆ ಮಂಗಳೂರಿನ ಕಡೆಗೆ ಹರಿಯುತ್ತದಂತೆ. ಟೀಚರ್ ಉತ್ತರ ಹೇಳಲಿಲ್ಲ, "ಹುಡುಕೋಣ" ಎಂದರು.

ಮಕ್ಕಳು ಶಾಲೆಯಿಂದ ಹಳ್ಳದವರೆಗೆ ಹೆಜ್ಜೆ ಎಣಿಸಿದರು. ಒಂದನೇ ತರಗತಿಯವನಿಗೆ 260 ಬಂತು, ಐದನೇ ತರಗತಿಯವಳಿಗೆ 190. ಯಾರದು ಸರಿ ಎಂಬ ಜಗಳದಿಂದಲೇ, ಎಲ್ಲರೂ ಒಪ್ಪುವ ಒಂದು ಅಳತೆಕೋಲು ಬೇಕೆಂದು ಅವರಿಗೇ ಹೊಳೆಯಿತು. ಮೊದಲು ಬರೆದ ನಕ್ಷೆಯಲ್ಲಿ ಮನೆಗಳೆಲ್ಲ ಬಾಗಿಲು, ಕಿಟಕಿ ಸಮೇತ ನೆಟ್ಟಗೆ ನಿಂತಿದ್ದವು. ಬೆಂಚು ಹತ್ತಿ ಕೆಳಗಿದ್ದ ಬೆಂಕಿಪೊಟ್ಟಣವನ್ನು ನೋಡಿದ ಮೇಲೆ ಅವು ಚೌಕವಾದವು. ಕೊನೆಗೆ ಕೆಮ್ಮಣ್ಣಿನಲ್ಲಿ ಘಟ್ಟ ಕಟ್ಟಿ, ಚೊಂಬಿನಿಂದ ನೀರು ಹೊಯ್ದರು. ಎರಡೂ ಕಡೆಗೆ ಹರಿಯಿತು. ಇಬ್ಬರು ಹೇಳಿದ್ದೂ ನಿಜ! ಬಿಸಿಲೆ ಘಾಟಿಯ ದಿಣ್ಣೆಯ ಒಂದು ಮಗ್ಗುಲಿಗೆ ಬಿದ್ದ ಮಳೆ ಕುಮಾರಧಾರೆಯಾಗಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಮಗ್ಗುಲಿನದು ಹೇಮಾವತಿ ಸೇರಿ, ಗೊರೂರು ಅಣೆಕಟ್ಟು ದಾಟಿ, ಕಾವೇರಿಯ ಜೊತೆ ಬಂಗಾಳ ಕೊಲ್ಲಿಗೆ.

ಮುಂದಿನದಕ್ಕೆ ನಮ್ಮಲ್ಲಿ ಸಾಮಾನಿಲ್ಲ. ಗೋಡೆಯ ಕರ್ನಾಟಕ ನಕ್ಷೆಯಲ್ಲಿ ನಮ್ಮೂರಿಗೆ ಒಂದು ಚುಕ್ಕೆಯೂ ಇಲ್ಲ. ದೇಶದ ನಕ್ಷೆ ತಯಾರಿಸುವ ಸರ್ಕಾರಿ ಸಂಸ್ಥೆ ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಹಾಳೆಯಲ್ಲಾದರೆ 2 ಸೆಂ.ಮೀ.ಗೆ 1 ಕಿ.ಮೀ.; ಹಳ್ಳಗಳನ್ನೂ ಬೆರಳಿಟ್ಟು ಹಿಂಬಾಲಿಸಬಹುದು. ಕೋಲು ನೆಟ್ಟು ನೆರಳಿನಿಂದ ದಿಕ್ಕು ಹಿಡಿಯೋಣವೆಂದರೆ ಮಲೆನಾಡಿನ ಮಳೆಗಾಲದಲ್ಲಿ ಬಿಸಿಲೆಲ್ಲಿ? ದಿಕ್ಸೂಚಿಗಳು ಬೇಕು, ಮೂವರಿಗೆ ಒಂದರಂತೆ 12. ಒಂದೇ ತಂದರೆ ಅದು ಮೇಷ್ಟರ ಕೈಯಲ್ಲೇ ಉಳಿಯುತ್ತದೆ. ಜೊತೆಗೆ 30 ಮೀಟರಿನ ಟೇಪು 4, ಗ್ಲೋಬ್ 2, ಅಂಗಳದಲ್ಲಿ ಸಿಮೆಂಟಿನದೇ ಒಂದು ಘಟ್ಟ. ಗಾರೆ ಕೆಲಸವನ್ನು ಪೋಷಕರು ಕೂಲಿಯಿಲ್ಲದೆ ಮಾಡಿಕೊಡುತ್ತಾರೆ.

ಬಿಸಿಲೆಗೆ ಒಂದು ದಿನದ ಪ್ರಯಾಣವೂ ಇದರಲ್ಲಿ ಸೇರಿದೆ. ಬಸ್ಸಿನ ಬಾಡಿಗೆ ದುಬಾರಿ, ಬಿಡಿ ಎಂದವರಿದ್ದಾರೆ. ನಾವು ಬಿಡುವುದಿಲ್ಲ. ಮಣ್ಣಿನಲ್ಲಿ ತಾವೇ ಕಟ್ಟಿದ ದಿಣ್ಣೆಯ ಮೇಲೆ ಮಕ್ಕಳು ಒಮ್ಮೆ ಕಾಲಿಟ್ಟು ನಿಲ್ಲಬೇಕು.

ಒಟ್ಟು ಅಂದಾಜು 46,000 ರೂಪಾಯಿ. ಎಸ್‌ಡಿಎಂಸಿ ಅಧ್ಯಕ್ಷರು ಮತ್ತು ಮುಖ್ಯಶಿಕ್ಷಕರ ಜಂಟಿ ಖಾತೆಗೆ ಜಮಾ ಮಾಡಬಹುದು. ಪ್ರತಿ ರೂಪಾಯಿಗೂ ರಸೀದಿ ಕೊಡುತ್ತೇವೆ, ಖರ್ಚಿನ ಲೆಕ್ಕವನ್ನು ಶಾಲೆಯ ಫಲಕದಲ್ಲಿ ಹಾಕುತ್ತೇವೆ. ಒಂದು ಮೂಟೆ ಸಿಮೆಂಟಾದರೂ ಸರಿ. ಮೋಜಣಿ (ಜಮೀನು ಅಳೆಯುವ) ಕೆಲಸದಿಂದ ನಿವೃತ್ತರಾದವರು ಒಂದು ಶನಿವಾರ ಬಂದು ಅಳತೆಯ ಸರಪಳಿ ಹಿಡಿಯುವುದನ್ನು ಕಲಿಸಿಕೊಟ್ಟರೆ ಅದೂ ನಮಗೆ ದೇಣಿಗೆಯೇ.

ಅಕ್ಟೋಬರ್ ಕೊನೆಯೊಳಗೆ ನಿಮ್ಮ ನೆರವು ತಲುಪಿದರೆ, ಮಳೆ ಬಿಟ್ಟ ಮೇಲೆ ನವೆಂಬರಿನಲ್ಲಿ ಬಿಸಿಲೆಗೆ ಹೊರಡುತ್ತೇವೆ. ನೀವೂ ಬನ್ನಿ, ಬಸ್ಸಿನಲ್ಲಿ ಜಾಗ ಮಾಡುತ್ತೇವೆ.

ಇಂತಿ,
ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಹಾಗೂ ಶಿಕ್ಷಕ ವೃಂದ