ಫೈಲ್ ಮತ್ತು ಸೈಡ್‌ಬಾರ್ ಶಾರ್ಟ್‌ಕಟ್‌ಗಳ ಬದಲಾವಣೆ ಕುರಿತು ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೆ,

ನಮ್ಮ ಟಿಪ್ಪಣಿ ತಂತ್ರಾಂಶದ ಮುಂದಿನ ಆವೃತ್ತಿಯಲ್ಲಿ, ಫೈಲ್‌ಗಳ ನಡುವೆ ಓಡಾಡಲು ಮತ್ತು ಸೈಡ್‌ಬಾರ್‌ಗಳನ್ನು ತೆರೆದು ಮುಚ್ಚಲು ಬಳಸುವ ಕೆಲವು ಕೀಬೋರ್ಡ್ ಶಾರ್ಟ್‌ಕಟ್‌ಗಳು ಬದಲಾಗಲಿವೆ. ದಿನವೂ ಬಳಸುವ ಶಾರ್ಟ್‌ಕಟ್ ಬೆರಳಿಗೆ ಕೂತುಬಿಟ್ಟಿರುತ್ತದೆ. ಅದನ್ನು ಮರೆತು ಹೊಸದನ್ನು ಕಲಿಯುವುದು ಸುಲಭವಲ್ಲ. ಆದ್ದರಿಂದ ಯಾವುದು ಬದಲಾಗುತ್ತದೆ, ಏಕೆ ಬದಲಾಗುತ್ತದೆ, ಹಳೆಯದೇ ಬೇಕೆನ್ನುವವರು ಏನು ಮಾಡಬೇಕು ಎಂಬುದನ್ನು ಆವೃತ್ತಿ ಹೊರಬರುವ ಮೊದಲೇ ತಿಳಿಸುತ್ತಿದ್ದೇವೆ.

ಇಲ್ಲಿಯವರೆಗೆ ಎಡ ಸೈಡ್‌ಬಾರ್‌ಗೆ ಕಂಟ್ರೋಲ್ + ಆಲ್ಟ್ + ಎಲ್, ಬಲ ಸೈಡ್‌ಬಾರ್‌ಗೆ ಕಂಟ್ರೋಲ್ + ಆಲ್ಟ್ + ಆರ್ ಇತ್ತು. ಇವು ಇನ್ನು ಮುಂದೆ ಕಂಟ್ರೋಲ್ + ಶಿಫ್ಟ್ + ಎಲ್ ಮತ್ತು ಕಂಟ್ರೋಲ್ + ಶಿಫ್ಟ್ + ಆರ್ ಆಗುತ್ತವೆ; ಮ್ಯಾಕ್‌ನಲ್ಲಿ ಕಂಟ್ರೋಲ್ ಬದಲಿಗೆ ಕಮಾಂಡ್ ಒತ್ತಬೇಕು. ಕಾರಣ ಇಷ್ಟು: ವಿಂಡೋಸ್‌ನಲ್ಲಿ ಕಂಟ್ರೋಲ್ ಮತ್ತು ಆಲ್ಟ್ ಎರಡನ್ನೂ ಒಟ್ಟಿಗೆ ಒತ್ತುವುದು ಬಲಬದಿಯ ಆಲ್ಟ್‌ಜಿಆರ್ ಕೀಲಿಗೆ ಸಮ, ಮತ್ತು ಅನೇಕ ಭಾಷೆಗಳ ಕೀಬೋರ್ಡ್ ವಿನ್ಯಾಸಗಳಲ್ಲಿ (ಯಾವ ಕೀಲಿಗೆ ಯಾವ ಅಕ್ಷರ ಎಂಬ ಜೋಡಣೆಗಳಲ್ಲಿ) ಹೆಚ್ಚುವರಿ ಅಕ್ಷರಗಳು ಮೂಡುವುದು ಆ ಕೀಲಿಯಿಂದಲೇ. ಪೋಲಿಷ್ ಬರೆಯುವವರು ಅಡ್ಡಗೆರೆಯುಳ್ಳ ತಮ್ಮ ‘ಎಲ್’ ಅಕ್ಷರವನ್ನು ಟೈಪಿಸುವುದು ಆಲ್ಟ್‌ಜಿಆರ್ ಜೊತೆ ಎಲ್ ಒತ್ತಿ. ನಮ್ಮ ತಂತ್ರಾಂಶದಲ್ಲಿ ಅವರು ಆ ಅಕ್ಷರಕ್ಕೆ ಕೈಹಾಕಿದಾಗ ಅಕ್ಷರ ಮೂಡುವ ಬದಲು ಸೈಡ್‌ಬಾರ್ ಮುಚ್ಚಿಕೊಳ್ಳುತ್ತಿತ್ತು. ಬರೆಯಲೆಂದೇ ಇರುವ ತಂತ್ರಾಂಶದಲ್ಲಿ ಶಾರ್ಟ್‌ಕಟ್ ಎಂದಿಗೂ ಅಕ್ಷರಕ್ಕೆ ಅಡ್ಡ ಬರಬಾರದು ಎಂಬುದು ನಮ್ಮ ನಿಲುವು. ಈ ಸಲದ ಬದಲಾವಣೆಗಳಲ್ಲಿ ಮುಖ್ಯವಾದವು ಇದರಿಂದಲೇ ಹುಟ್ಟಿವೆ.

ಇದೇ ನಿಲುವಿನಿಂದ ಬಂದ ಎರಡನೆಯ ಬದಲಾವಣೆ ಕನ್ನಡದಲ್ಲಿ ಟೈಪಿಸುವವರಿಗೆ ಹೆಚ್ಚು ಸಂಬಂಧಿಸಿದ್ದು. ಭಾರತೀಯ ಭಾಷೆಗಳಿಗಾಗಿ ರೂಪಿಸಿದ ಇನ್‌ಸ್ಕ್ರಿಪ್ಟ್ ಎಂಬ ಕೀಬೋರ್ಡ್ ವಿನ್ಯಾಸದಲ್ಲಿ ಇಂಗ್ಲಿಷ್‌ನ ‘ಓ’ ಇರುವ ಕೀಲಿಯಿಂದ ‘ದ’ ಮೂಡುತ್ತದೆ. ಹೆಸರಿನಿಂದ ಫೈಲ್ ಹುಡುಕಿ ತೆರೆಯುವ ಕಂಟ್ರೋಲ್ + ಓ ಒತ್ತಿದಾಗ, ತಂತ್ರಾಂಶವು ಮೂಡಿದ ಅಕ್ಷರವನ್ನು ಮಾತ್ರ ನೋಡಿದರೆ ಅದಕ್ಕೆ ಕಾಣುವುದು ಕಂಟ್ರೋಲ್ + ದ. ಅಂಥ ಶಾರ್ಟ್‌ಕಟ್ ಇಲ್ಲದ ಕಾರಣ ಏನೂ ಆಗುವುದಿಲ್ಲ, ಬರೆಯುತ್ತಿದ್ದವರು ವಿನ್ಯಾಸವನ್ನು ಇಂಗ್ಲಿಷಿಗೆ ಬದಲಿಸಿ, ಫೈಲ್ ತೆರೆದು, ಮತ್ತೆ ಕನ್ನಡಕ್ಕೆ ಮರಳಬೇಕಾಗುತ್ತದೆ. ಹೊಸ ಆವೃತ್ತಿಯಲ್ಲಿ, ಚಾಲ್ತಿಯಲ್ಲಿರುವ ವಿನ್ಯಾಸ ರೋಮನ್ ಲಿಪಿಯದಲ್ಲದಿದ್ದರೆ ತಂತ್ರಾಂಶವು ಅಕ್ಷರದ ಬದಲು ಕೀಲಿಯ ಸ್ಥಾನವನ್ನು ಗಮನಿಸುತ್ತದೆ. ರೋಮನ್ ವಿನ್ಯಾಸಗಳಲ್ಲಿ ಮಾತ್ರ ಅಕ್ಷರವನ್ನೇ ನೋಡುವ ಕ್ರಮ ಮುಂದುವರಿಯುತ್ತದೆ, ಏಕೆಂದರೆ ಫ್ರೆಂಚ್ ಕೀಬೋರ್ಡಿನಲ್ಲಿ ‘ಎ’ ಮತ್ತು ‘ಕ್ಯೂ’ ಜಾಗ ಅದಲುಬದಲಾಗಿರುವುದರಿಂದ ಅಲ್ಲಿ ಸ್ಥಾನವನ್ನು ನಂಬಿದರೆ ಬೇರೆಯದೇ ಆಜ್ಞೆ ನಡೆದುಬಿಡುತ್ತದೆ.

ಮೂರನೆಯದಾಗಿ, ಸೈಡ್‌ಬಾರ್ ತೆರೆಯುವುದು ಮತ್ತು ಅದರೊಳಗೆ ಹೋಗುವುದು ಇನ್ನು ಎರಡು ಬೇರೆ ಬೇರೆ ಕೆಲಸಗಳು. ತೆರೆದೊಡನೆ ಕರ್ಸರ್ ಅಲ್ಲಿಗೆ ಹಾರುವುದಿಲ್ಲ. ಬರೆಯುತ್ತಿದ್ದ ಜಾಗದಲ್ಲೇ ಉಳಿಯುತ್ತದೆ. ಒಳಗೆ ಹೋಗಬೇಕೆಂದರೆ ಎಫ್6 ಒತ್ತಿ: ಬರವಣಿಗೆಯ ಜಾಗ, ಎಡ ಸೈಡ್‌ಬಾರ್, ಬಲ ಸೈಡ್‌ಬಾರ್ ಈ ಸರದಿಯಲ್ಲಿ ಫೋಕಸ್ (ಒತ್ತಿದ ಕೀಲಿ ಕೆಲಸ ಮಾಡುವ ಜಾಗ) ಮುಂದಕ್ಕೆ ಸಾಗುತ್ತದೆ, ಮುಚ್ಚಿರುವುದನ್ನು ದಾಟಿಕೊಂಡು ಹೋಗುತ್ತದೆ, ಶಿಫ್ಟ್ + ಎಫ್6 ಒತ್ತಿದರೆ ಹಿಂದಕ್ಕೆ. ವಿಂಡೋಸ್‌ನಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಕೀಲಿಯಿದು, ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೂ ಪರಿಚಿತ. ಎಸ್ಕೇಪ್ ಒತ್ತಿದರೆ ಎಲ್ಲಿಂದ ಹೊರಟಿರೋ ಅದೇ ಸಾಲಿನ ಅದೇ ಅಕ್ಷರಕ್ಕೆ ಮರಳುತ್ತೀರಿ.

ಫೈಲ್‌ಗಳ ಪಟ್ಟಿಯ ಒಳಗಿನ ನಡೆಯೂ ಬದಲಾಗಿದೆ. ಮೇಲಿನ ಮತ್ತು ಕೆಳಗಿನ ಬಾಣಗಳನ್ನು ಒತ್ತಿದಾಗ ಪ್ರತಿ ಫೈಲೂ ತೆರೆದುಕೊಳ್ಳುವ ಪದ್ಧತಿ ನಿಂತಿದೆ. ಈಗ ಆಯ್ಕೆ ಮಾತ್ರ ಸರಿಯುತ್ತದೆ, ಎಂಟರ್ ಒತ್ತಿದಾಗ ಫೈಲ್ ತೆರೆಯುತ್ತದೆ. ಹೀಗೆ ಮಾಡಿದ್ದರಿಂದ ‘ಹಿಂದಿನ ಫೈಲ್’ ಆಜ್ಞೆಯು ನೀವು ನಿಜವಾಗಿ ಓದಿದ ಫೈಲಿಗೇ ಕರೆದೊಯ್ಯುತ್ತದೆ, ದಾರಿಯಲ್ಲಿ ದಾಟಿದ ಹತ್ತಾರು ಫೈಲ್‌ಗಳ ಮೂಲಕ ತಿರುಗಿಸುವುದಿಲ್ಲ. ಬಲ ಬಾಣವು ಮುಚ್ಚಿದ ಫೋಲ್ಡರನ್ನು ತೆರೆಯುತ್ತದೆ, ಇನ್ನೊಮ್ಮೆ ಒತ್ತಿದರೆ ಅದರ ಮೊದಲ ಫೈಲಿಗೆ ಇಳಿಯುತ್ತದೆ; ಎಡ ಬಾಣವು ಫೋಲ್ಡರನ್ನು ಮುಚ್ಚುತ್ತದೆ, ಫೈಲಿನ ಮೇಲಿದ್ದರೆ ಅದರ ಫೋಲ್ಡರಿಗೆ ಏರುತ್ತದೆ. ಹೆಸರಿನ ಮೊದಲ ಅಕ್ಷರಗಳನ್ನು ಟೈಪಿಸಿದರೆ ಆಯ್ಕೆ ನೇರ ಅಲ್ಲಿಗೆ ಹೋಗುತ್ತದೆ. ಎಫ್2 ಹೆಸರು ಬದಲಿಸಲು. ಮ್ಯಾಕ್‌ನ ಫೈಂಡರ್‌ನಲ್ಲಿ ರಿಟರ್ನ್ ಒತ್ತಿ ಹೆಸರು ಬದಲಿಸುವ ಅಭ್ಯಾಸವಿರುವವರು ಇದನ್ನು ಗಮನಿಸಬೇಕು: ನಮ್ಮ ಫೈಲ್ ಪಟ್ಟಿಯಲ್ಲಿ ರಿಟರ್ನ್ (ಅಂದರೆ ಎಂಟರ್) ಮ್ಯಾಕ್‌ನಲ್ಲೂ ಫೈಲ್ ತೆರೆಯುತ್ತದೆ.

ಹಿಂದಿನ ಫೈಲಿಗೆ ಹೋಗುವ ಆಲ್ಟ್ + ಎಡ ಬಾಣ ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಹಾಗೆಯೇ ಇರುತ್ತದೆ. ಮ್ಯಾಕ್‌ನಲ್ಲಿ ಆಪ್ಷನ್ + ಎಡ ಬಾಣ ಒಂದು ಪದ ಹಿಂದಕ್ಕೆ ಹೋಗಲು ಬೇಕಾದ್ದರಿಂದ ಅಲ್ಲಿ ಕಮಾಂಡ್ ಮತ್ತು ಎಡ ಚೌಕ ಆವರಣದ ಕೀಲಿಯನ್ನೇ ಉಳಿಸಿದ್ದೇವೆ. ಟ್ಯಾಬ್ ಬದಲಿಸುವ ಕಂಟ್ರೋಲ್ + ಟ್ಯಾಬ್‌ನಲ್ಲೂ ವ್ಯತ್ಯಾಸವಿಲ್ಲ.

ಪಟ್ಟಿಯಲ್ಲಿ ಎಚ್, ಜೆ, ಕೆ, ಎಲ್ ಕೀಲಿಗಳಿಂದಲೇ ಓಡಾಡುವಂತಿರಬೇಕೆಂದು ಕೆಲವು ಗ್ರಾಹಕರು ಕೇಳಿದ್ದಾರೆ. ಪ್ರೋಗ್ರಾಮರ್ ಬಿಲ್ ಜಾಯ್ ಅವರು ವಿಐ ಎಂಬ ಪಠ್ಯ ಎಡಿಟರನ್ನು ಬರೆದ ಎಡಿಎಮ್-3ಎ ಟರ್ಮಿನಲ್‌ನಲ್ಲಿ (ಕಂಪ್ಯೂಟರಿಗೆ ಜೋಡಿಸುವ ಪರದೆ-ಕೀಬೋರ್ಡಿನಲ್ಲಿ) ಬಾಣದ ಗುರುತುಗಳು ಇದೇ ನಾಲ್ಕು ಕೀಲಿಗಳ ಮೇಲೆ ಅಚ್ಚಾಗಿದ್ದವು. ಆ ರೂಢಿ ಇಂದಿಗೂ ಜೀವಂತವಾಗಿದೆ, ಬೇಡಿಕೆಯೂ ನ್ಯಾಯವಾದದ್ದೇ. ಆದರೂ ಈ ಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ಇಟ್ಟು, ಮೊದಲಿಗೆ ಆಫ್ ಮಾಡಿದ್ದೇವೆ. ಧ್ವನಿಯಿಂದ ಟೈಪಿಸುವವರು ಆಡಿದ ಒಂದು ಪದದ ಪ್ರತಿ ಅಕ್ಷರವೂ ಆಜ್ಞೆಯಾಗಿಬಿಡುವ ಅಪಾಯ ಇಲ್ಲಿದೆ. 2018ರಲ್ಲಿ ಬಂದ ಅಂಗವಿಕಲರಿಗೂ ಬಳಸಲು ಅನುಕೂಲವಾಗಬೇಕೆಂದು ರೂಪಿಸಿದ ಡಬ್ಲ್ಯೂಸಿಎಜಿ 2.1 ಮಾರ್ಗಸೂಚಿಯು ಇಂಥ ಒಂಟಿ ಕೀಲಿಯ ಶಾರ್ಟ್‌ಕಟ್‌ಗಳ ಬಗ್ಗೆ ಪ್ರತ್ಯೇಕ ನಿಯಮವನ್ನೇ ಸೇರಿಸಿತು. ಅದು ವೆಬ್‌ಗಾಗಿ ಬರೆದ ಮಾರ್ಗಸೂಚಿಯಾದರೂ ನಾವು ಅದನ್ನು ಪಾಲಿಸಲು ಬಯಸುತ್ತೇವೆ.

ನೀವಾಗಿಯೇ ಹೊಂದಿಸಿಕೊಂಡ ಶಾರ್ಟ್‌ಕಟ್‌ಗಳು ಯಾವುವೂ ಬದಲಾಗುವುದಿಲ್ಲ. ನಿಮ್ಮದಕ್ಕೂ ಹೊಸದಕ್ಕೂ ಘರ್ಷಣೆಯಾದರೆ ನಿಮ್ಮದೇ ನಡೆಯುತ್ತದೆ. ಹಳೆಯ ಕ್ರಮವೇ ಬೇಕೆಂದರೆ ಸೆಟ್ಟಿಂಗ್ಸ್‌ನ ಶಾರ್ಟ್‌ಕಟ್ ಪುಟದಲ್ಲಿ ‘ಹಿಂದಿನ ವಿನ್ಯಾಸ’ವನ್ನು ಆರಿಸಿದರೆ ಸಾಕು, ಅದನ್ನು ತೆಗೆದುಹಾಕುವ ಯೋಚನೆ ನಮಗಿಲ್ಲ. ಹೊಸ ಆವೃತ್ತಿಯಲ್ಲಿ ಯಾವುದಾದರೂ ಶಾರ್ಟ್‌ಕಟ್ ನಿಮ್ಮ ಭಾಷೆಯ ಅಕ್ಷರವೊಂದನ್ನು ತಡೆಯುವುದು ಕಂಡುಬಂದರೆ, ಕೀಬೋರ್ಡ್ ವಿನ್ಯಾಸದ ಹೆಸರು ಮತ್ತು ಒತ್ತಿದ ಕೀಲಿಗಳನ್ನು ಸಹಾಯ ಮೆನುವಿನ ಮೂಲಕ ದಯವಿಟ್ಟು ಬರೆದು ಕಳಿಸಿ.

ವಂದನೆಗಳೊಂದಿಗೆ,
ತಂತ್ರಾಂಶ ಮತ್ತು ಗ್ರಾಹಕ ಸೇವಾ ತಂಡ