ಹುಡುಕಿದ್ದು ಸಿಗದಿದ್ದರೆ ತಪ್ಪು ಕನ್ನಡದ್ದಲ್ಲ

ಮಾನ್ಯ ಸಂಪಾದಕರೇ,

ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿಯಲ್ಲಿ ಒಂದು ಸಣ್ಣ ಕನ್ನಡ ಗ್ರಂಥಾಲಯ ಇದೆ. ಎರಡು ಕೋಣೆ, ಹನ್ನೊಂದು ಕಪಾಟು. ಪುಸ್ತಕದ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿದ ಮೇಲೆ ಹುಡುಕಿದ್ದು ಸಿಗುತ್ತಿಲ್ಲ ಎಂಬ ದೂರು ಶುರುವಾಯಿತು. ಕೊನೆಗೆ ಸಮಿತಿಯ ಸಭೆಯಲ್ಲಿ ಒಬ್ಬರು, ‘ಕನ್ನಡ ಅಕ್ಷರ ಕಂಪ್ಯೂಟರಿಗೆ ಒಗ್ಗುವುದಿಲ್ಲ, ಇಡೀ ಪಟ್ಟಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿಬಿಡೋಣ’ ಎಂದರು. ಹಲವರು ತಲೆಯಾಡಿಸಿದರು. ನನಗೆ ಎದೆ ಧಸಕ್ ಎಂದಿತು. ಯಾಕೆಂದರೆ ಆ ಹುಡುಕಾಟದ ಕೋಡ್ ಬರೆದವಳು ನಾನು. ತಪ್ಪು ನನ್ನ ಕೋಡಿನಲ್ಲಿತ್ತು, ಕನ್ನಡದಲ್ಲಿ ಅಲ್ಲ. ಇದೇ ತಪ್ಪು ಬೇರೆ ಸಂಘಗಳ, ಶಾಲೆಗಳ, ಪತ್ರಿಕೆಗಳ ಹುಡುಕಾಟದಲ್ಲೂ ಇರಬಹುದು ಎಂದು ಈ ಪತ್ರ ಬರೆಯುತ್ತಿದ್ದೇನೆ.

ನನಗೆ ಕಣ್ಣು ತೆರೆಸಿದವರು ಒಬ್ಬ ನಿವೃತ್ತ ಮಾಸ್ತರರು. ಹಿಂದೆ ರಾತ್ರಿ ಶಾಲೆಯಲ್ಲಿ ಕಲಿಸುತ್ತಿದ್ದವರು, ಈಗ ಎಂಬತ್ತರ ಹತ್ತಿರ. ನಮ್ಮ ಹಳೆಯ ಕಾರ್ಡುಗಳಲ್ಲಿ ಅರ್ಧದಷ್ಟು ಅವರ ಕೈಬರಹದವು. ಒಂದು ಭಾನುವಾರ ಅವರು ಕೀಬೋರ್ಡಿನ ಮೇಲೆ ಒಂದೊಂದೇ ಬೆರಳು ಇಟ್ಟು ‘ಕಾರಂತ -ಕಾದಂಬರಿ’ ಎಂದು ಹೊಡೆದರು. ಕಾರ್ಡಿನಲ್ಲಿ ಬರೆದು ರೂಢಿ. ಮೊದಲು ಲೇಖಕರ ಹೆಸರು, ಆಮೇಲೆ ಅಡ್ಡಗೆರೆ, ಅದಕ್ಕೆ ಅಂಟಿಕೊಂಡು ಪುಸ್ತಕದ ಬಗೆ. ಪರದೆಯ ಮೇಲೆ ಯಕ್ಷಗಾನದ ಪುಸ್ತಕ ಬಂತು, ಪ್ರವಾಸ ಕಥನ ಬಂತು, ವಿಜ್ಞಾನದ ಪುಸ್ತಕ ಬಂತು. ಕಾದಂಬರಿ ಒಂದೂ ಬರಲಿಲ್ಲ. ಮಾಸ್ತರರು ಕಪಾಟಿನ ಕಡೆ ಕೈ ತೋರಿಸಿ, ‘ಎರಡು ಸಾಲು ತುಂಬ ಇದೆಯಲ್ಲ ಮಗಳೇ, ಇದು ಒಂದೂ ಇಲ್ಲ ಅನ್ನುತ್ತಿದೆ’ ಎಂದರು. ಬೇಜಾರಾದವರಂತೆ ಕುರ್ಚಿ ಹಿಂದೆ ಸರಿಸಿ ಎದ್ದುಬಿಟ್ಟರು.

ಆಗಿದ್ದು ಏನು ಗೊತ್ತಾ? ನಾವು ಬಳಸಿದ್ದು ಲೂಸೀನ್ ಎಂಬ ಉಚಿತ ತಂತ್ರಾಂಶ. ಡಗ್ ಕಟಿಂಗ್ ಎಂಬವರು 1999ರಲ್ಲಿ ಬರೆದದ್ದು. ದೊಡ್ಡ ದೊಡ್ಡ ಕಂಪನಿಗಳು ಬಳಸುವ ಇಲಾಸ್ಟಿಕ್‌ಸರ್ಚ್ ಕೂಡ ಇದರ ಮೇಲೆಯೇ ನಿಂತಿದೆ. ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತದಲ್ವಾ, ಹಾಗೆ ಯಾವ ಪದ ಯಾವ ಕಾರ್ಡಿನಲ್ಲಿದೆ ಎಂದು ಬರೆದಿಟ್ಟುಕೊಳ್ಳುವುದು ಇದರ ಕೆಲಸ. ಅದನ್ನು ಕೇಳುವುದಕ್ಕೆ ಎರಡು ದಾರಿ. ಒಂದು, ಪ್ರಶ್ನೆಯನ್ನು ಒಂದು ಸಾಲಾಗಿ ಬರೆದು ಕ್ವೆರಿ ಪಾರ್ಸರ್, ಅಂದರೆ ಆ ಸಾಲನ್ನು ಓದಿ ಅರ್ಥ ಬಿಡಿಸುವ ಭಾಗದ ಕೈಗೆ ಕೊಡುವುದು. ಇನ್ನೊಂದು, ಪ್ರಶ್ನೆಯನ್ನು ಕೋಡಿನಲ್ಲೇ ತುಂಡು ತುಂಡಾಗಿ ಕಟ್ಟುವುದು.

ನಾನು ಮೊದಲನೆಯದನ್ನು ಹಿಡಿದೆ. ಓದುಗರು ಹೊಡೆದ ಪದಗಳಿಗೆ ನನ್ನ ಕಡೆಯ ನಾಲ್ಕು ಪದ ಅಂಟಿಸಿ, ಒಂದು ಸಾಲು ಮಾಡಿ ಪಾರ್ಸರಿಗೆ ಒಪ್ಪಿಸಿದೆ. ಪಾರ್ಸರಿಗೆ ಅದರದ್ದೇ ವ್ಯಾಕರಣ ಇದೆ. ಪದಕ್ಕೆ ಅಂಟಿದ ಅಡ್ಡಗೆರೆ ಎಂದರೆ ‘ಈ ಪದ ಇರುವುದನ್ನು ಬಿಟ್ಟು’. ಹಾಗಾಗಿ ಮಾಸ್ತರರು ಬೇಕು ಎಂದದ್ದನ್ನು ಅದು ಬೇಡ ಎಂದು ಓದಿಕೊಂಡಿತು.

ಕೋಲನ್ನಿನದ್ದೂ ಇದೇ ಗೋಳು. ಸಂಪಾದಕರ ಹೆಸರಿಗೆ ನಮ್ಮವರು ‘ಸಂ:’ ಎಂದು ಬರೆಯುತ್ತಾರೆ. ‘ಸಂ:ಹೆಗಡೆ’ ಎಂದು ಹೊಡೆದರೆ ಪಾರ್ಸರ್ ‘ಸಂ’ ಎಂಬ ಹೆಸರಿನ ಫೀಲ್ಡ್, ಅಂದರೆ ಕಾರ್ಡಿನ ಖಾನೆ, ಹುಡುಕುತ್ತದೆ. ಅಂಥ ಫೀಲ್ಡೇ ಇಲ್ಲ. ಸದ್ದಿಲ್ಲದೆ ಸೊನ್ನೆ ಫಲಿತಾಂಶ. ಬ್ರಾಕೆಟ್ ತೆರೆದು ಮುಚ್ಚದಿದ್ದರೆ, ಅಥವಾ ‘1978/79’ ಎಂದು ವರ್ಷ ಹೊಡೆದರೆ, ಪುಟವೇ ಎರರ್ ತೋರಿಸಿ ನಿಲ್ಲುತ್ತದೆ. ಓದುಗರಿಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು? ಅವರು ಕಾರ್ಡಿನಲ್ಲಿ ಬರೆಯುವ ಹಾಗೆ ಬರೆದರು, ಅಷ್ಟೇ.

ಇದು ಬರೀ ಅಕ್ಷರ, ಆಜ್ಞೆಯಲ್ಲ ಎಂದು ಪಾರ್ಸರಿಗೆ ಹೇಳಲು ಆ ಚಿಹ್ನೆಗಳ ಮುಂದೆ ಬ್ಯಾಕ್‌ಸ್ಲ್ಯಾಶ್ ಹಾಕಿದರೆ ಸಾಕಲ್ವಾ ಎಂದು ಕೋಡ್ ಬರೆಯುವವರು ಕೇಳಬಹುದು. ನಾನೂ ಅದನ್ನೇ ಮಾಡಿದೆ. ಅಡ್ಡಗೆರೆಯ ಕಾಟ ತಪ್ಪಿತು. ಕಪಾಟಿನ ನಂಬರ್ ಮಾತ್ರ ಸಿಗಲೇ ಇಲ್ಲ. ನಮ್ಮ ಪುಸ್ತಕದ ಬೆನ್ನಿನ ಮೇಲೆ ‘ಕಥೆ-217’ ಎಂಬಂಥ ನಂಬರ್ ಇರುತ್ತದೆ. ಇಂಡೆಕ್ಸಿನಲ್ಲಿ, ಅಂದರೆ ಆ ಪದಸೂಚಿಯಲ್ಲಿ, ಅದನ್ನು ಒಡೆಯದೆ ಇಡಿಯಾಗಿ ಇಟ್ಟಿದ್ದೆ. ಪಾರ್ಸರ್ ಎಲ್ಲವನ್ನೂ ಬರಹವನ್ನು ಪದಗಳಾಗಿ ಒಡೆಯುವ ಅನಲೈಜರ್ ಮೂಲಕ ಹಾಯಿಸುತ್ತದೆ. ಅನಲೈಜರ್ ಅದನ್ನು ‘ಕಥೆ’ ಬೇರೆ, ‘217’ ಬೇರೆ ಮಾಡಿತು. ಇಡಿಯಾಗಿದ್ದದ್ದು ತುಂಡುಗಳಿಗೆ ಸಿಗುವುದು ಹೇಗೆ? ಪುಸ್ತಕ ಕಪಾಟಿನಲ್ಲೇ ಇತ್ತು, ಪರದೆಯಲ್ಲಿ ಮಾತ್ರ ಇಲ್ಲ.

ಪಾರ್ಸರ್ ಇರುವುದು ಮನುಷ್ಯರು ಬರೆದದ್ದನ್ನು ಓದುವುದಕ್ಕೆ, ಕೋಡ್ ಹೊಲಿದ ಸಾಲನ್ನು ಓದುವುದಕ್ಕಲ್ಲ ಎಂದು ಲೂಸೀನ್ ತಯಾರಿಸಿದವರೇ ಅದರ ಕೈಪಿಡಿಯಲ್ಲಿ ಹೇಳಿದ್ದಾರೆ. ನಾನು ಅದನ್ನು ಓದಿದ್ದು ತಡವಾಗಿ, ಠಾಣೆಯಲ್ಲಿ ಗಾಡಿ ಬದಲಾಯಿಸಿ ಐರೋಲಿಗೆ ಹೋಗುವಾಗ, ಮೊಬೈಲಿನಲ್ಲಿ. ಕಚೇರಿಯಲ್ಲಿ ಡೇಟಾಬೇಸಿಗೆ ಹೀಗೆ ಸಾಲು ಅಂಟಿಸಿ ಕಳಿಸಿದರೆ ನಾನೇ ಹುಡುಗರಿಗೆ ಬೈಯುತ್ತೇನೆ. ಹುಡುಕಾಟಕ್ಕೂ ಅದೇ ನಿಯಮ ಅನ್ವಯಿಸುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

ಆ ವಾರವೇ ಎಲ್ಲ ಕಿತ್ತುಹಾಕಿ ಪ್ರಶ್ನೆಯನ್ನು ನೇರವಾಗಿ ಕೋಡಿನಲ್ಲಿ ಕಟ್ಟಿದೆ. ಒಂದೊಂದು ಪದಕ್ಕೆ ಒಂದೊಂದು ಟರ್ಮ್ ಕ್ವೆರಿ. ಅವನ್ನೆಲ್ಲ ಸೇರಿಸುವುದಕ್ಕೆ ಬೂಲಿಯನ್ ಕ್ವೆರಿ. ಅದರಲ್ಲಿ ಯಾವುದು ಇರಲೇಬೇಕು, ಯಾವುದು ಇದ್ದರೆ ಒಳ್ಳೆಯದು, ಯಾವುದು ಇರಬಾರದು ಎಂದು ನಾನೇ ಹೇಳುತ್ತೇನೆ. ಕಪಾಟಿನ ನಂಬರ್ ಅನಲೈಜರ್ ಕಡೆ ಸುಳಿಯದೆ ಇಡಿಯಾಗಿ ಹೋಗುತ್ತದೆ. ದಾನಿಗಳು ಕೊಟ್ಟ ಖಾಸಗಿ ಪತ್ರಗಳು ಎಲ್ಲರಿಗೂ ಕಾಣಬಾರದು ಎಂಬ ಷರತ್ತು ಫಿಲ್ಟರ್ ಆಗಿ ಬೇರೆಯೇ ಕೂತಿದೆ. ಮೊದಲು ಅದೂ ಅದೇ ಸಾಲಿನಲ್ಲಿತ್ತು. ಯಾರಾದರೂ ಬ್ರಾಕೆಟ್ ಸರಿಯಾಗಿ ಹೊಡೆದಿದ್ದರೆ ಆ ಷರತ್ತು ಮುರಿದುಹೋಗುತ್ತಿತ್ತು. ನೆನೆದರೆ ಈಗಲೂ ಭಯವಾಗುತ್ತದೆ.

ಮುಂಬಯಿ ಕನ್ನಡಿಗರಿಗೆ ಇದರಿಂದ ಆಗುವ ಒಂದು ಉಪಕಾರ ಹೇಳಲೇಬೇಕು. ನಮ್ಮ ಊರಿನ ಹೆಸರು ನಮ್ಮ ಕಾರ್ಡುಗಳಲ್ಲಿ ಮೂರು ಥರ ಇದೆ: ಮುಂಬಯಿ, ಮುಂಬೈ, ಬೊಂಬಾಯಿ. ಸರ್ಕಾರ 1995ರಲ್ಲಿ ಇಂಗ್ಲಿಷ್ ಹೆಸರು ಬದಲಾಯಿಸಿತು, ಹಳೆಯ ಕಾರ್ಡು ಬದಲಾಗಲಿಲ್ಲ. ಈಗ ಮೂರನ್ನೂ ‘ಯಾವುದಿದ್ದರೂ ಸರಿ’ ಎಂದು ಒಂದು ಗುಂಪು ಮಾಡಿ, ಆ ಗುಂಪು ‘ಇರಲೇಬೇಕು’ ಎಂದು ಕಟ್ಟಿದ್ದೇನೆ. ಯಾರು ಹೇಗೆ ಬರೆದು ಹುಡುಕಿದರೂ ಮೂರೂ ಬರುತ್ತವೆ. ‘ಮುಂಬಯಿಯಲ್ಲಿ’, ‘ಮುಂಬಯಿಗೆ’ ಎಂದು ಬಾಲ ಬೆಳೆದಿದ್ದರೂ ಸಿಗಲಿ ಎಂದು ಪದದ ಮೊದಲ ಭಾಗ ಹೊಂದಿದರೆ ಸಾಕು ಎಂಬ ಪ್ರಿಫಿಕ್ಸ್ ಕ್ವೆರಿಯನ್ನೂ ಸೇರಿಸಿದೆ, ಸ್ವಲ್ಪ ಕಡಿಮೆ ತೂಕ ಕೊಟ್ಟು.

ಇಲ್ಲಿ ನಾನು ಇನ್ನೊಮ್ಮೆ ಎಡವಿದೆ. ಅದನ್ನು ಮುಚ್ಚಿಟ್ಟರೆ ಬೇರೆಯವರೂ ಎಡವುತ್ತಾರೆ. ಟರ್ಮ್ ಕ್ವೆರಿ ತಾನಾಗಿ ಅನಲೈಜರ್ ಹತ್ತಿರ ಹೋಗುವುದಿಲ್ಲ. ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಹುಡುಕುತ್ತದೆ. ‘ಕೋಟ’ ಎಂದು ಹೊಡೆದೆ, ಸಿಗಲಿಲ್ಲ. ಕಾರಂತರ ಹುಟ್ಟೂರು ನಮ್ಮ ಪಟ್ಟಿಯಲ್ಲಿ ಇಲ್ಲದೆ ಇರುತ್ತದಾ? ಒಂದು ಗಂಟೆ ಕೂತು ಅಕ್ಷರ ಬಿಡಿಸಿ ನೋಡಿದೆ. ಓತ್ವದ ಚಿಹ್ನೆಯನ್ನು ಯೂನಿಕೋಡಿನಲ್ಲಿ, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಸಂಕೇತಗಳ ಪಟ್ಟಿಯಲ್ಲಿ, ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಂಡಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಹಳೆಯ ಫಾಂಟಿನಿಂದ ಪರಿವರ್ತಿಸಿದ ಕಾರ್ಡುಗಳಲ್ಲಿ ಮೂರು ತುಂಡು ಇತ್ತು. ‘ರಾಜ್‌ಕುಮಾರ್’ ಎಂಬಲ್ಲಿ ಜ ಮತ್ತು ಕ ಒತ್ತಾಗದಂತೆ ತಡೆಯುವ ಕಾಣದ ಸಂಕೇತ ಕೆಲವು ಕಡೆ ಇತ್ತು, ಕೆಲವು ಕಡೆ ಇರಲಿಲ್ಲ. ಕೆಲವರು ನಂಬರನ್ನು ೨೧೭ ಎಂದು ಹೊಡೆಯುತ್ತಾರೆ. ಈಗ ಇಂಡೆಕ್ಸಿಗೆ ಹಾಕುವಾಗ ಮತ್ತು ಹುಡುಕುವಾಗ, ಎರಡೂ ಕಡೆ ಪದಗಳು ಒಂದೇ ನೀರಿನಲ್ಲಿ ತೊಳೆದು ಬರುತ್ತವೆ. ಓತ್ವ ಒಂದೇ ರೂಪಕ್ಕೆ ಬರುತ್ತದೆ, ಕಾಣದ ಸಂಕೇತ ಹೋಗುತ್ತದೆ, ಅಂಕಿಗಳು ಒಂದೇ ಬಗೆಯವಾಗುತ್ತವೆ.

ಪಾರ್ಸರ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಅದರ ವ್ಯಾಕರಣ ಕಲಿತು ಬಳಸುವ ಸಂಶೋಧಕರಿಗೆ ಅದು ಬೇಕು. ಅವರಿಗೆ ಬೇರೆ ಪುಟ ಕೊಡಿ. ಮಾಸ್ತರರಂಥವರ ಮುಂದೆ ಇಡುವ ಹುಡುಕುಪೆಟ್ಟಿಗೆಯ ಹಿಂದೆ ಅದನ್ನು ಇಡಬೇಡಿ.

ಸಂಪಾದಕರೇ, ನಿಮ್ಮ ಹಳೆಯ ಸಂಚಿಕೆಗಳ ಹುಡುಕಾಟ ನೋಡಿಕೊಳ್ಳುವವರಿಗೆ ದಯವಿಟ್ಟು ಈ ಪತ್ರ ತೋರಿಸಿ. ಪದಕ್ಕೆ ಅಂಟಿದ ಅಡ್ಡಗೆರೆ, ‘ಸಂ:’, ಮುಚ್ಚದ ಬ್ರಾಕೆಟ್, ‘1978/79’, ಕನ್ನಡ ಅಂಕಿ. ಈ ಐದನ್ನು ಹೊಡೆದು ನೋಡಲು ಹೇಳಿ. ಐದು ನಿಮಿಷದ ಕೆಲಸ. ಸಂಘ, ಶಾಲೆಗಳ ಪಟ್ಟಿ ಮಾಡುತ್ತಿರುವ ಹುಡುಗರೂ ಇದನ್ನು ಮಾಡಲಿ, ಕನ್ನಡ ಬಿಟ್ಟು ಇಂಗ್ಲಿಷ್ ಅಕ್ಷರಕ್ಕೆ ಹೋಗುವ ಮುಂಚೆ.

ನಮ್ಮ ಸಮಿತಿ ಸದ್ಯಕ್ಕೆ ಆ ಯೋಚನೆ ಕೈಬಿಟ್ಟಿದೆ. ಮಾಸ್ತರರ ಕಾರ್ಡುಗಳಲ್ಲಿ ಇನ್ನೂ ನಾನೂರು ಬಾಕಿ ಇವೆ. ಪ್ರತಿ ಭಾನುವಾರ ಅವರು ಓದಿ ಹೇಳುತ್ತಾರೆ, ನಾನು ಕನ್ನಡದಲ್ಲೇ ಟೈಪ್ ಮಾಡುತ್ತಿದ್ದೇನೆ.

ಇಂತಿ,
ನಿಮ್ಮ ಓದುಗಳು
ಡೊಂಬಿವಲಿ ಪೂರ್ವ